ನಗೆಬರಹದಿಂದ ಸಂಪಾದನೆ ಆದೀತೇ? ಸೇಡಂನ ಓದುಗರೊಬ್ಬರಿಗೆ ಉತ್ತರ

ಪ್ರಶ್ನೆ: ಸರ್, ನಮಸ್ಕಾರ್ರಿ. ನಾ ಸೇಡಂ ತಾಲೂಕಿನಾಕಿ, ವಯಸ್ಸು 26. ಕನ್ನಡ ಎಂ.ಎ. ಮುಗಿಸಿ ಕಲಬುರಗಿಯ ಒಂದು ದಿನಪತ್ರಿಕೆಯಾಗ ಡಿಟಿಪಿ (ಕಂಪ್ಯೂಟರಿನಾಗ ಅಕ್ಷರ ಜೋಡಸೋದು) ಮಾಡ್ತೀನಿ, ಪ್ರೂಫ್ ನೋಡ್ತೀನಿ. ತಿಂಗಳಿಗಿ 14,000 ಬರ್ತದ. ಎರಡು ವರ್ಷದಿಂದ ನಮ್ಮ ಕಡಿ ಮಾತಿನಾಗ ಸಣ್ಣ ಸಣ್ಣ ನಗೆಬರಹ ಬರದು ಫೇಸ್‌ಬುಕ್, ಇನ್‌ಸ್ಟಾಗ್ರಾಂನಾಗ ಹಾಕ್ಲತ್ತೀನಿ. ಒಂದು ಬರಹ ವಾಟ್ಸ್‌ಆ್ಯಪ್‌ನಾಗ ಊರೆಲ್ಲಾ ತಿರುಗಿ ನಮ್ಮ ಮನಿಗೇ ವಾಪಸ್ ಬಂತು, ಕೆಳಗ ಬ್ಯಾರೆಯವರ ಹೆಸರು! ಈಗ ಬೆಂಗಳೂರಿನ ಒಂದು ಜಾಲತಾಣದವರು ತಿಂಗಳಿಗಿ 12 ಬರಹ ಕೊಡ್ರಿ, ಒಂದಕ್ಕ 500 ರೂಪಾಯಿ ಅಂದಾರ. ಆದ್ರ ಎಲ್ಲರಿಗೂ ತಿಳಿಯೋ ಕನ್ನಡದಾಗ ಬರೀಬೇಕು, ಹಕ್ಕೆಲ್ಲಾ ಅವರದು. ಆರು ತಿಂಗಳ ಮ್ಯಾಲ ಉಪಸಂಪಾದಕಿ ಕೆಲಸಾನೂ ಕೊಡಬಹುದು ಅಂತಾರ. ಮನ್ಯಾಗ ಅಪ್ಪ, ನಮ್ಮ ಭಾಗಕ್ಕ 371(ಜೆ) ಮೀಸಲಾತಿ ಅದ, ಪಂಚಾಯ್ತಿ ಪಿಡಿಒ ಪರೀಕ್ಷಾಕ್ಕ ಓದು ಅಂತಾರ. ಅಣ್ಣ ಯೂಟ್ಯೂಬ್ ಚಾಲೂ ಮಾಡು ಅಂತಾನ. ನಗಸೋದು ಒಂದು ಉದ್ಯೋಗ ಆಗ್ತದೇನ್ರಿ? ಯಾರರೆ ಕೇಸ್ ಹಾಕಿದ್ರ ಹೆಂಗ?

ಉತ್ತರ: ನಿಮ್ಮ ಪತ್ರದಲ್ಲಿ ಐದಾರು ಪ್ರಶ್ನೆಗಳಿವೆ. ಅವುಗಳ ಅಡಿಯಲ್ಲಿರುವ ಅಂಜಿಕೆ ಮಾತ್ರ ಒಂದೇ: ಕೈಗೆ ಒಲಿದ ವಿದ್ಯೆಯನ್ನು ನಂಬಿ ಇರುವ ಸಂಬಳವನ್ನೂ ಮನೆಯವರ ಭರವಸೆಯನ್ನೂ ಕಳೆದುಕೊಂಡರೆ ಹೇಗೆ? ನೇರವಾಗಿ ಹೇಳುತ್ತೇನೆ. ನಗೆಬರಹ ಒಂದನ್ನೇ ನೆಚ್ಚಿ ಕನ್ನಡದಲ್ಲಿ ಸಂಸಾರ ತೂಗಿಸುವುದು ಬಹಳ ಕಷ್ಟ. ಆದರೆ ನಗೆಯ ನಾಡಿ ಬಲ್ಲ ಸಂಪಾದಕಿಗೆ ಕೆಲಸ ಇದೆ, ಇನ್ನು ಮುಂದೆಯೂ ಇರುತ್ತದೆ. ನಮ್ಮ ಭಾಷೆಯಲ್ಲಿ ‘ಸಂಪಾದನೆ’ ಅನ್ನುವ ಒಂದೇ ಮಾತು ದುಡಿಮೆಗೂ ಸಲ್ಲುತ್ತದೆ, ಬರಹ ತಿದ್ದಿ ಅಣಿಗೊಳಿಸುವ ಕೆಲಸಕ್ಕೂ ಸಲ್ಲುತ್ತದೆ. ನೀವು ಎರಡನೆಯ ಅರ್ಥವನ್ನು ಹಿಡಿದುಕೊಂಡೇ ಮೊದಲನೆಯದಕ್ಕೆ ಹೋಗಬೇಕು.

1942ರಲ್ಲಿ ‘ಕೊರವಂಜಿ’ ನಗೆಪತ್ರಿಕೆ ಆರಂಭಿಸಿ 1967ರವರೆಗೆ ನಡೆಸಿದ ರಾಶಿ, ಅಂದರೆ ಡಾ. ಎಂ. ಶಿವರಾಂ, ವೃತ್ತಿಯಿಂದ ವೈದ್ಯರು. ಆರ್.ಕೆ. ಲಕ್ಷ್ಮಣ್ ಅವರ ವ್ಯಂಗ್ಯಚಿತ್ರಗಳು ಬಂದ ಪತ್ರಿಕೆ ಅದು. ಕಾಲು ಶತಮಾನ ಕನ್ನಡಿಗರನ್ನು ನಗಿಸಿದ ಸಂಪಾದಕರಿಗೂ ಬದುಕಿಗೆ ಇನ್ನೊಂದು ಕಸುಬು ಇತ್ತು. ಹಾಗಾಗಿ ನಗೆಬರಹದ ಜೊತೆಗೆ ಬೇರೆ ನೌಕರಿ ಮಾಡುವುದು ಸೋಲು ಅಂತ ತಿಳಿಯಬೇಡಿ. ಕನ್ನಡದಲ್ಲಿ ಈ ಕಸುಬು ನಡೆದು ಬಂದದ್ದೇ ಹಾಗೆ.

ಮೊದಲು ಬೆಂಗಳೂರಿನವರ 500 ರೂಪಾಯಿಯ ಲೆಕ್ಕ ನೋಡೋಣ, ಏಕೆಂದರೆ ಬಹಳ ಜನ ಇದನ್ನು ಹಾಕುವುದೇ ಇಲ್ಲ. 800 ಪದದ ಒಂದು ನಗೆಬರಹ ಹದಕ್ಕೆ ಬರಲು ಐದಾರು ಗಂಟೆ ಬೇಕು. ವಿಷಯ ಹುಡುಕುವುದು, ಮೊದಲ ಕರಡು, ಒಂದು ರಾತ್ರಿ ಬಿಟ್ಟು ಎರಡನೇ ಕರಡು, ಜೋರಾಗಿ ಓದಿ ತಿದ್ದುವುದು ಎಲ್ಲ ಸೇರಿ. 12 ಬರಹಕ್ಕೆ 60ರಿಂದ 72 ಗಂಟೆ ಹಿಡಿಯುತ್ತದೆ, ಬರುವುದು 6,000 ರೂಪಾಯಿ. ಗಂಟೆಗೆ 83ರಿಂದ 100 ರೂಪಾಯಿ ಆಯಿತು. ನಿಮ್ಮ ಈಗಿನ ಸಂಬಳ, ತಿಂಗಳಿಗೆ 26 ದಿನ, ದಿನಕ್ಕೆ 8 ಗಂಟೆಯಂತೆ ಲೆಕ್ಕ ಹಾಕಿದರೆ ಗಂಟೆಗೆ 67 ರೂಪಾಯಿ ಆಸುಪಾಸು. ಅಂದರೆ ಅವರು ಕೊಡುವ ದರ ನೀವು ಅಂದುಕೊಂಡಷ್ಟು ಕೆಟ್ಟದ್ದಲ್ಲ. ಕೆಟ್ಟದ್ದು ‘12’ ಅನ್ನುವ ಸಂಖ್ಯೆ ಮತ್ತು ‘ಹಕ್ಕೆಲ್ಲಾ ನಮ್ಮದು’ ಅನ್ನುವ ಮಾತು.

ಎರಡೂವರೆ ದಿನಕ್ಕೊಂದು ನಗೆಬರಹ ಬರೆಯುವವರಿಗೆ ಮೂರನೇ ತಿಂಗಳಿನ ಹೊತ್ತಿಗೆ ಬಾವಿ ಬತ್ತುತ್ತದೆ. ಆಗ ಏನಾಗುತ್ತದೆ ಅಂದರೆ, ಗಂಡ-ಹೆಂಡತಿ ಜಗಳ, ಡಾಕ್ಟರ್-ಪೇಶೆಂಟ್, ಮೇಷ್ಟ್ರು-ಹುಡುಗ ಎಂಬ ಸವಕಲು ಸರಕಿಗೆ ಕೈ ಹೋಗುತ್ತದೆ. ಆಮೇಲೆ ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದನ್ನೇ ಸ್ವಲ್ಪ ತಿರುಗಿಸಿ ಬರೆಯುವ ಚಾಳಿ ಹತ್ತುತ್ತದೆ. ನಿಮ್ಮ ಬರಹಕ್ಕೆ ಬೆಲೆ ಬಂದಿರುವುದು ಬೇರೆಯವರಿಗೆ ಕಾಣದ್ದು ನಿಮಗೆ ಕಂಡಿದೆ ಅನ್ನುವ ಕಾರಣಕ್ಕೆ. ನೋಡುವುದಕ್ಕೇ ಪುರುಸೊತ್ತು ಇಲ್ಲದ ಹಾಗೆ ಮಾಡಿಕೊಂಡರೆ ಬರೆಯಲು ಏನೂ ಉಳಿಯುವುದಿಲ್ಲ. ತಿಂಗಳಿಗೆ 4 ಉದ್ದದ ಬರಹ, 150 ಪದದ 4 ಚುಟುಕು ಬರಹ. ಇದಕ್ಕಿಂತ ಹೆಚ್ಚು ಒಪ್ಪಿಕೊಳ್ಳಬೇಡಿ.

ಇನ್ನು ‘ಎಲ್ಲರಿಗೂ ತಿಳಿಯೋ ಕನ್ನಡ’. ನಮ್ಮ ಕಡೆಯ ಮಾತು ಬೆಂಗಳೂರು-ಮೈಸೂರಿನಲ್ಲಿ ನಡೆಯುವುದಿಲ್ಲ ಅನ್ನುವುದು ಬಹಳ ಹಳೆಯ ತಪ್ಪು ತಿಳಿವಳಿಕೆ. ಹರಪನಹಳ್ಳಿಯಲ್ಲಿ ಹುಟ್ಟಿದ ಬೀಚಿಯವರನ್ನು ಇಡೀ ನಾಡು ಓದಿತು. ಗಂಗಾವತಿ ಪ್ರಾಣೇಶ್ ಅವರ ಮಾತಿಗೆ ಮೈಸೂರಿನ ಸಭೆಯೂ ನಗುತ್ತದೆ. ಆದರೆ ಇದರೊಳಗೆ ಒಂದು ನಿಜವೂ ಇದೆ, ಅದನ್ನು ಬಿಡಿಸಿ ನೋಡಬೇಕು. ವೇದಿಕೆಯ ಮೇಲೆ ದನಿ, ಮುಖ, ನಿಲುಗಡೆ ಎಲ್ಲ ಸೇರಿ ಅರ್ಥ ದಾಟಿಸುತ್ತವೆ. ಮೊಬೈಲ್ ಪರದೆಯ ಮೇಲೆ ಅಕ್ಷರ ಒಂದೇ. ‘ಹೋಗ್ಲತ್ತೀನಿ’, ‘ಬರ್ಲತ್ತಾನ’ ಅಂತ ಕಿವಿಗೆ ಬಿದ್ದರೆ ಯಾರಿಗೂ ತಿಳಿಯುತ್ತದೆ. ಸಾಲಿನ ತುಂಬ ಅದೇ ಇದ್ದರೆ ಹೊರಗಿನ ಓದುಗ ಅಕ್ಷರ ಕೂಡಿಸಿಕೊಂಡು ಓದುತ್ತಾನೆ, ಕೂಡಿಸಿಕೊಳ್ಳುವಷ್ಟರಲ್ಲಿ ನಗು ಹೋಗಿರುತ್ತದೆ. ತೊಂದರೆ ಇರುವುದು ಕಾಗುಣಿತದಲ್ಲಿ. ಕಲಬುರಗಿ ಮಾತಿನ ಮೇಲೆ ತಪ್ಪು ಹೊರಿಸಬೇಡಿ.

ಅದಕ್ಕೆ ಮದ್ದು ಹೀಗೆ. ನಿರೂಪಣೆ ಶಿಷ್ಟ ಕನ್ನಡಕ್ಕೆ ಹತ್ತಿರ ಇರಲಿ, ಪಾತ್ರಗಳ ಮಾತು ಪೂರ್ತಿ ನಮ್ಮ ಕಡೆಯದಿರಲಿ. ಒಂದು ಪದಕ್ಕೆ ಒಂದೇ ಕಾಗುಣಿತ ಇಟ್ಟುಕೊಳ್ಳಿ. ಇವತ್ತು ‘ಮಾಡ್ಲತ್ತೀನಿ’, ನಾಳೆ ‘ಮಾಡಲಾಕತ್ತೀನಿ’, ನಾಡಿದ್ದು ‘ಮಾಡಾಕತ್ತೀನಿ’ ಅಂತ ಬರೆದರೆ ಒಂದೇ ಪಾತ್ರ ಮೂರು ಊರಿನದಾಗುತ್ತದೆ. ಬೀದರ್‌ನ ಮಾತಿನಲ್ಲಿ ಮರಾಠಿ, ದಖನಿ ಎರಡೂ ಬೆರೆಯುತ್ತವೆ, ಸುರಪುರ-ಶಹಾಪುರದ ಕಡೆಯ ರಾಗವೇ ಬೇರೆ. ಪಾತ್ರ ಯಾವ ಊರಿನದು ಅಂತ ಮೊದಲೇ ತೀರ್ಮಾನಿಸಿ ಆ ಊರಿನ ಮಾತನ್ನೇ ಕೊಡಿ. ಹೊರಗಿನವರಿಗೆ ಹೊಸದಾದ ಪದ ಬಂದರೆ ಆವರಣ ಹಾಕಿ ಅರ್ಥ ಬರೆಯಬೇಡಿ, ಮುಂದಿನ ಸಾಲಿನ ಸನ್ನಿವೇಶದಿಂದಲೇ ತಿಳಿಯುವ ಹಾಗೆ ಮಾಡಿ. ನಗುವಿನ ಪದವೇ ಅಪರಿಚಿತವಾಗಿದ್ದರೆ ಮಾತ್ರ ಅದನ್ನು ಎರಡು ಸಾಲು ಮೊದಲೇ ಒಮ್ಮೆ ಬಳಸಿ ಪರಿಚಯ ಮಾಡಿಸಿ.

ನಗಿಸುವುದು ಹುಟ್ಟುಗುಣ, ಅದನ್ನು ತಿದ್ದಲಾಗದು ಅನ್ನುವ ಮಾತನ್ನೂ ನಂಬಬೇಡಿ. ತಿದ್ದಿದಾಗಲೇ ಅದು ನಗೆಬರಹವಾಗುವುದು. ಒಂದು ಉದಾಹರಣೆ ಕೊಡುತ್ತೇನೆ. ಕರಡಿನಲ್ಲಿ ಹೀಗೆ ಇದೆ ಅನ್ನಿ: “ಕಲಬುರಗಿಯ ಬಿಸಿಲು ಎಷ್ಟು ಭಯಂಕರ ಎಂದರೆ ಮಾಳಿಗೆ ಮೇಲಿನ ಟ್ಯಾಂಕಿನ ನೀರು ಕುದಿಯುವಷ್ಟು ಬಿಸಿಯಾಗಿರುತ್ತದೆ, ಆದ್ದರಿಂದ ನಮ್ಮ ಕಾಕಾ ಚಹಾ ಮಾಡಲು ಆ ನೀರನ್ನೇ ಬಳಸಿ ಗ್ಯಾಸ್ ಉಳಿಸುತ್ತಾರೆ ಎಂದು ತಮಾಷೆಯಾಗಿ ಹೇಳಿದರು.” ತಿದ್ದಿದ ಮೇಲೆ: “ಮೇ ಬಂತಂದ್ರ ನಮ್ಮ ಕಾಕಾ ಗ್ಯಾಸ್ ಬುಕ್ ಮಾಡೋದೇ ಬಿಡ್ತಾರ. ಚಹಾದ ನೀರು ಸೀದಾ ಮಾಳಗಿ ಮ್ಯಾಲಿನ ಟ್ಯಾಂಕಿಂದು.”

ಇಲ್ಲಿ ಏನೇನು ಆಯಿತು ನೋಡಿ. ‘ಭಯಂಕರ’ ಹೋಯಿತು, ಏಕೆಂದರೆ ಅದು ಓದುಗ ತಾನೇ ತಲುಪಬೇಕಾದ ತೀರ್ಮಾನ. ‘ಆದ್ದರಿಂದ’ ಹೋಯಿತು, ಏಕೆಂದರೆ ಎರಡು ಸಾಲಿನ ನಡುವಿನ ಸಂಬಂಧವನ್ನು ಓದುಗನೇ ಕೂಡಿಸಿಕೊಂಡಾಗ ನಗು ಹುಟ್ಟುತ್ತದೆ. ‘ತಮಾಷೆಯಾಗಿ ಹೇಳಿದರು’ ಅಂದ ಕ್ಷಣ ತಮಾಷೆ ಸತ್ತೇ ಹೋಗುತ್ತದೆ. ಎಲ್ಲಕ್ಕಿಂತ ಮುಖ್ಯ, ಕೊನೆಯ ಪದ. ಕನ್ನಡದಲ್ಲಿ ಸಹಜವಾಗಿ ಕ್ರಿಯಾಪದ ಕೊನೆಗೆ ಬರುತ್ತದೆ. ನಗುವಿನ ಪದ ಅದಕ್ಕಿಂತ ಮುಂಚೆ ಬಂದುಬಿಟ್ಟರೆ ‘ಬಳಸುತ್ತಾರೆ ಎಂದು ಹೇಳಿದರು’ ಅನ್ನುವ ಬಾಲ ಅದರ ಹಿಂದೆ ಎಳೆದಾಡುತ್ತದೆ. ನಮ್ಮ ಮಾತಿನಲ್ಲಿ ಕ್ರಿಯಾಪದವನ್ನು ಬಿಟ್ಟು ವಾಕ್ಯ ಮುಗಿಸುವ ಅವಕಾಶ ಇದೆ, ಅದನ್ನು ಬಳಸಿಕೊಳ್ಳಿ. ಪ್ರತಿ ಬರಹದಲ್ಲೂ ನಗುವಿನ ಪದಕ್ಕೆ ಅಡಿಗೆರೆ ಎಳೆದು, ಅದರ ಮುಂದೆ ಎಷ್ಟು ಪದ ಉಳಿದಿವೆ ಎಣಿಸಿ. ಎರಡಕ್ಕಿಂತ ಹೆಚ್ಚಿದ್ದರೆ ವಾಕ್ಯ ತಿರುಗಿಸಿ. ಮೊದಲ ಕರಡಿನ ಪ್ಯಾರಾ ಒಂದನ್ನು ಇಡಿಯಾಗಿ ತೆಗೆದು ನೋಡಿ. ಬಹುಪಾಲು ನಗೆಬರಹಗಳು ಎರಡನೇ ಪ್ಯಾರಾದಿಂದಲೇ ನಿಜವಾಗಿ ಶುರುವಾಗಿರುತ್ತವೆ.

ಇದೇ ಕಣ್ಣಿಗೆ ಸಂಪಾದಕರ ಕೆಲಸದಲ್ಲಿ ಸಂಬಳ ಸಿಗುವುದು. ಜಾಲತಾಣದ ಉಪಸಂಪಾದಕಿಯ ದಿನ ನಗೆಯಲ್ಲಿ ಕಳೆಯುವುದಿಲ್ಲ. ಬಂದ ಪ್ರತಿ ತಿದ್ದುವುದು, ಏಜೆನ್ಸಿ ಸುದ್ದಿ ಅನುವಾದಿಸುವುದು, ಶೀರ್ಷಿಕೆ ಕೊಡುವುದು, ಚಿತ್ರ ಹೊಂದಿಸುವುದು, ಫೇಸ್‌ಬುಕ್‌ಗೆ ಎರಡು ಸಾಲು ಬರೆಯುವುದು, ತಪ್ಪು ಬಿದ್ದಾಗ ರಾತ್ರಿ ಹತ್ತಕ್ಕೂ ಎದ್ದು ಸರಿಪಡಿಸುವುದು. ಡಿಟಿಪಿ ಬಲ್ಲ ನಿಮಗೆ ಇಲ್ಲಿ ಒಂದು ಅನುಕೂಲ ಇದೆ. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಬಂದ ಪ್ರತಿಯನ್ನು ಯುನಿಕೋಡ್‌ಗೆ ತಿರುಗಿಸುವಾಗ ಎಲ್ಲಿ ಕೆಡುತ್ತದೆ ಅಂತ ಗೊತ್ತಿರುವವರು ಸುದ್ದಿಮನೆಗಳಿಗೆ ಬೇಕು. ಅನುಸ್ವಾರದ ಜಾಗದಲ್ಲಿ ಕನ್ನಡ ಅಂಕಿಯ ಸೊನ್ನೆ ಕುಳಿತಿರುತ್ತದೆ. ಕಣ್ಣಿಗೆ ಎರಡೂ ಒಂದೇ, ಆದರೆ ಹುಡುಕಿದರೆ ಆ ಪದ ಸಿಗುವುದಿಲ್ಲ. ‘ಸಾಫ್ಟ್‌ವೇರ್’ನಲ್ಲಿ ಕಣ್ಣಿಗೆ ಕಾಣದ ಬಿಡಿಸುವ ಗುರುತು ಬಿಟ್ಟುಹೋದರೆ ‘ವ’ ಕೆಳಗಿಳಿದು ಒತ್ತಾಗುತ್ತದೆ. ‘ರ‍್ಯಾಲಿ’ಯ ರಕಾರ ಅರ್ಕಾವತ್ತಾಗಿ ಮಗ್ಗುಲು ಬದಲಿಸುತ್ತದೆ. ಪ್ರತಿ ಪರಿವರ್ತನೆಯ ನಂತರ ಈ ಮೂರನ್ನು ಹುಡುಕಿ-ಬದಲಿಸುವ ಅಭ್ಯಾಸ ಮಾಡಿಕೊಳ್ಳಿ. ಜೊತೆಗೆ ಒಂದು ಪುಟದ ಕಾಗುಣಿತ ಪಟ್ಟಿ ನಿಮ್ಮದೇ ಅಂತ ಇರಲಿ: ಊರ ಹೆಸರು, ಹುದ್ದೆ, ಅಂಕಿ ಬರೆಯುವ ಕ್ರಮ, ನಮ್ಮ ಕಡೆಯ ಪದಗಳು. ಕೆಲಸಕ್ಕೆ ಅರ್ಜಿ ಹಾಕುವಾಗ ನಿಮ್ಮ ಮೂರು ನಗೆಬರಹದ ಜೊತೆ, ಬೇರೆಯವರ ಒಂದು ಬರಹವನ್ನು ನೀವು ತಿದ್ದಿದ ಮೊದಲಿನ ಮತ್ತು ನಂತರದ ರೂಪ ಎರಡನ್ನೂ ಅವರ ಒಪ್ಪಿಗೆ ಪಡೆದು ಲಗತ್ತಿಸಿ. ಹತ್ತು ಪ್ರಮಾಣಪತ್ರಕ್ಕಿಂತ ಅದು ಹೆಚ್ಚು ಹೇಳುತ್ತದೆ.

ಈಗ ಹಕ್ಕಿನ ವಿಷಯ. ವಾಟ್ಸ್‌ಆ್ಯಪ್‌ನಲ್ಲಿ ನಿಮ್ಮ ಹೆಸರು ಅಳಿಸಿ ಹಂಚಿದವರ ಬೆನ್ನು ಹತ್ತಬೇಡಿ, ಮೂಲ ಸಿಗುವುದಿಲ್ಲ. ಕಾನೂನು ಕಾಪಾಡುವುದು ನಿಮ್ಮ ಕಲ್ಪನೆಯನ್ನಲ್ಲ, ಅದನ್ನು ಬರೆದ ಮಾತುಗಳನ್ನು. ಟ್ಯಾಂಕಿನ ನೀರಿನ ಚಹಾ ಅನ್ನುವ ಕಲ್ಪನೆ ಯಾರಾದರೂ ಬಳಸಬಹುದು, ನಿಮ್ಮ ಬರಹವನ್ನು ಹಾಗೇ ಎತ್ತುವಂತಿಲ್ಲ. ನೋಂದಣಿ ಕಡ್ಡಾಯವಲ್ಲ, ಬರೆದ ಕ್ಷಣವೇ ಹಕ್ಕು ಹುಟ್ಟುತ್ತದೆ, ನಿಮ್ಮ ಜೀವಮಾನ ಮತ್ತು ಆನಂತರ 60 ವರ್ಷ ಇರುತ್ತದೆ. ದುಡ್ಡು ಮಾಡುವ ಪುಟವೋ ಚಾನೆಲ್ಲೋ ಪೂರ್ತಿ ಬರಹ ಎತ್ತಿದರೆ ಮಾತ್ರ, ನಿಮ್ಮ ಮೂಲ ಪೋಸ್ಟಿನ ದಿನಾಂಕ ಸಹಿತ ಆ ವೇದಿಕೆಯ ಕಾಪಿರೈಟ್ ದೂರಿನ ಫಾರ್ಮ್ ತುಂಬಿ. ಚಿತ್ರವಾಗಿ ಹಾಕುವಾಗ ಹೆಸರನ್ನು ಮೂಲೆಯಲ್ಲಿಡಬೇಡಿ, ಕತ್ತರಿಸುವುದು ಸುಲಭ. ಬರಹದ ನಡುವೆ, ಎರಡು ಪ್ಯಾರಾ ಮಧ್ಯೆ ತೆಳುವಾಗಿ ಇಡಿ.

ಬೆಂಗಳೂರಿನವರು ಕೇಳುವ ‘ಎಲ್ಲ ಹಕ್ಕು’ 500 ರೂಪಾಯಿಗೆ ಕೊಡುವಂಥದ್ದಲ್ಲ. ನಾಳೆ ಪುಸ್ತಕ, ರೇಡಿಯೊ, ವೇದಿಕೆ ಯಾವುದಕ್ಕೂ ಅದೇ ಬರಹ ನಿಮಗೆ ಬೇಕಾಗುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕಿನ ವರ್ಗಾವಣೆ ಬರಹದಲ್ಲಿ, ಸಹಿಯೊಂದಿಗೆ ಇರಬೇಕು. ಅವಧಿ ಹೇಳದಿದ್ದರೆ ಐದು ವರ್ಷ ಅಂತ ಎಣಿಸುತ್ತಾರೆ. ಆದರೆ ಸಂಬಳದ ನೌಕರಿಗೆ ಸೇರಿದ ಮೇಲೆ ಕೆಲಸದ ಭಾಗವಾಗಿ ಬರೆದದ್ದರ ಹಕ್ಕು ಬೇರೆ ಒಪ್ಪಂದ ಇಲ್ಲದಿದ್ದರೆ ಸಾಮಾನ್ಯವಾಗಿ ಮಾಲೀಕರಿಗೆ ಹೋಗುತ್ತದೆ. ಉಪಸಂಪಾದಕಿ ಕೆಲಸ ಸಿಕ್ಕರೆ, ಮನೆಯಲ್ಲಿ ಸ್ವಂತ ಸಮಯದಲ್ಲಿ ಬರೆದ ನಗೆಬರಹ ನನ್ನದು ಅಂತ ನೇಮಕ ಪತ್ರದಲ್ಲೇ ಒಂದು ಸಾಲು ಹಾಕಿಸಿಕೊಳ್ಳಿ. ಸೇರುವ ಮೊದಲು ಕೇಳಿದರೆ ಹಾಕುತ್ತಾರೆ, ಸೇರಿದ ಮೇಲೆ ಕೇಳಿದರೆ ಹಾಕುವುದಿಲ್ಲ. ಒಬ್ಬರೇ ವರ್ಷಕ್ಕೆ 50,000 ಮೀರಿ ಸಂಭಾವನೆ ಕೊಟ್ಟರೆ 10 ಪ್ರತಿಶತ ಟಿಡಿಎಸ್ (ಹಣ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿಯುತ್ತಾರೆ. ಪ್ಯಾನ್ ಕೊಡದಿದ್ದರೆ 20. ನಿಮ್ಮ ಆದಾಯಕ್ಕೆ ತೆರಿಗೆ ಬೀಳದಿದ್ದರೆ ರಿಟರ್ನ್ ಸಲ್ಲಿಸಿ ವಾಪಸ್ ಪಡೆಯಬಹುದು.

ಕೇಸಿನ ಭಯ ಅರ್ಧ ನಿಜ. ಆನ್‌ಲೈನ್‌ನಲ್ಲಿ ‘ಕಿರಿಕಿರಿ’ ಮಾಡುವ ಮಾತಿಗೂ ಬಂಧಿಸಲು ಬಳಸುತ್ತಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್‌ನಲ್ಲಿ ರದ್ದು ಮಾಡಿದೆ. ಆದರೆ ಮಾನಹಾನಿ ಈಗಲೂ ಅಪರಾಧ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಡಿ ಎರಡು ವರ್ಷದವರೆಗೆ ಶಿಕ್ಷೆ ಇದೆ. ಧಾರ್ಮಿಕ ಭಾವನೆ ಕೆರಳಿಸುವುದಕ್ಕೆ 299, ಗುಂಪುಗಳ ನಡುವೆ ದ್ವೇಷ ಬಿತ್ತುವುದಕ್ಕೆ 196. ಸಣ್ಣ ಊರಿನಲ್ಲಿ ಬರೆಯುವವರು ಒಂದು ವಿಷಯ ತಪ್ಪು ತಿಳಿಯುತ್ತಾರೆ: ಹೆಸರು ಹಾಕದಿದ್ದರೆ ಸಾಕು ಅಂತ. ಸಾಲದು. ‘ಸೂಪರ್ ಮಾರ್ಕೆಟ್ ಹತ್ತಿರದ, ಕೆಂಪು ಸ್ಕೂಟರಿನ, ಬಡ್ಡಿ ವ್ಯವಹಾರದ ಕಾಕಾ’ ಅಂದರೆ ಓಣಿಯವರಿಗೆಲ್ಲ ಆ ಮನುಷ್ಯ ಯಾರು ಅಂತ ಗೊತ್ತು. ಗುರುತು ಸಿಕ್ಕರೆ ಕಾನೂನಿಗೆ ಅಷ್ಟೇ ಸಾಕು. ನಿಜ ಜೀವನದಿಂದ ತೆಗೆದ ಪಾತ್ರದಲ್ಲಿ ವೃತ್ತಿ, ಓಣಿ, ಚಹರೆ ಈ ಮೂರರಲ್ಲಿ ಎರಡನ್ನು ಬದಲಿಸಿ. ಅಧಿಕಾರದಲ್ಲಿರುವವರ ಸಾರ್ವಜನಿಕ ಕೆಲಸವನ್ನು ವಿಡಂಬಿಸಿ, ಅವರ ಮನೆಯ ಹೆಂಗಸರನ್ನು, ಮೈಬಣ್ಣವನ್ನು, ತೊದಲನ್ನು ಎಳೆತರಬೇಡಿ. ಶರಣಬಸವೇಶ್ವರ ಜಾತ್ರೆಗೂ ಬಂದೇ ನವಾಜ್ ದರ್ಗಾಕ್ಕೂ ಒಂದೇ ಮನೆಯವರು ಹೋಗುವ ಊರು ನಮ್ಮದು. ಜಾತ್ರೆಯ ಗದ್ದಲ, ಮಿಠಾಯಿ ಅಂಗಡಿಯ ಚೌಕಾಸಿ, ಕಳೆದುಹೋದ ಚಪ್ಪಲಿ ಎಲ್ಲ ನಗೆಗೆ ಸಿಗುತ್ತವೆ. ಭಕ್ತಿಯನ್ನು ಮುಟ್ಟಬೇಕಾಗಿಲ್ಲ. ಜಾತಿಯ ಮೇಲಿನ ನಗೆಯನ್ನಂತೂ ಯಾರು ಕೇಳಿದರೂ ಬರೆಯಬೇಡಿ.

ಸುದ್ದಿಯ ಧಾಟಿಯಲ್ಲಿ ವಿಡಂಬನೆ ಬರೆದರೆ ‘ವಿಡಂಬನೆ’ ಅನ್ನುವ ಪದ ಶೀರ್ಷಿಕೆಯಲ್ಲೂ ಇರಲಿ, ಚಿತ್ರದೊಳಗೂ ಇರಲಿ. ಸ್ಕ್ರೀನ್‌ಶಾಟ್ ಹೊರಟಾಗ ಕೆಳಗಿನ ಟಿಪ್ಪಣಿ ಹಿಂದೆಯೇ ಉಳಿಯುತ್ತದೆ, ತೊಗರಿ ಬೆಲೆಯ ಬಗ್ಗೆ ನೀವು ಕಟ್ಟಿದ ನಗೆಸುದ್ದಿಯನ್ನು ಯಾರೋ ರೈತರು ನಂಬಿ ಎಪಿಎಂಸಿಗೆ ಗಾಡಿ ಹೂಡಿಯಾರು.

ಅಣ್ಣನ ಯೂಟ್ಯೂಬ್ ಸಲಹೆ ಕೆಟ್ಟದ್ದಲ್ಲ, ಅವಸರದ್ದು. ಜಾಹೀರಾತಿನ ಪಾಲು ಸಿಗಲು 1,000 ಚಂದಾದಾರರು ಮತ್ತು 12 ತಿಂಗಳಲ್ಲಿ 4,000 ಗಂಟೆ ವೀಕ್ಷಣೆ ಬೇಕು, ಇಲ್ಲವೇ 90 ದಿನದಲ್ಲಿ ಶಾರ್ಟ್ಸ್‌ಗೆ 1 ಕೋಟಿ ವೀಕ್ಷಣೆ. 4,000 ಗಂಟೆ ಅಂದರೆ 2,40,000 ನಿಮಿಷ. ಒಬ್ಬೊಬ್ಬರು ಸರಾಸರಿ ಎರಡು ನಿಮಿಷ ನೋಡಿದರೆ 1,20,000 ಸಲ ನೋಡಬೇಕು. ಅದೂ ಬಾಗಿಲು ತೆರೆಯುವುದಕ್ಕೆ ಮಾತ್ರ. ಕ್ಯಾಮೆರಾ, ಎಡಿಟಿಂಗ್ ಬೇರೆ ವಿದ್ಯೆ. ಈಗಾಗಲೇ ನಡೆಯುತ್ತಿರುವ ಚಾನೆಲ್‌ಗೆ ಸ್ಕ್ರಿಪ್ಟ್ ಬರೆದುಕೊಡುವುದು ನಿಮಗೆ ಹೆಚ್ಚು ಹೊಂದುತ್ತದೆ, ಅರ್ಧ ಹಣ ಮುಂಗಡ ಪಡೆದು. ಆಕಾಶವಾಣಿಯ ಕಲಬುರಗಿ ಕೇಂದ್ರಕ್ಕೂ ಬರಹ ಕಳಿಸಿ. ಕಿವಿಗೆ ಬರೆಯುವುದನ್ನು ರೇಡಿಯೊದಷ್ಟು ಚೆನ್ನಾಗಿ ಇನ್ನಾವುದೂ ಕಲಿಸುವುದಿಲ್ಲ.

ಅಪ್ಪನ ಮಾತನ್ನು ತಳ್ಳಿಹಾಕಬೇಡಿ. 371(ಜೆ) ಮೀಸಲಾತಿ ನಮ್ಮ ಭಾಗಕ್ಕೆ ಬಹಳ ಕಾಲ ಕೇಳಿ ಪಡೆದದ್ದು, ಅದರ ಲಾಭ ಬಿಡುವುದು ಸುಲಭದ ತೀರ್ಮಾನವಲ್ಲ. ಒಂದು ತಿಳಿದಿರಲಿ: ಸರ್ಕಾರಿ ನೌಕರರ ನಡತೆ ನಿಯಮಗಳು ಸರ್ಕಾರದ ಟೀಕೆಗೆ ಅವಕಾಶ ಕೊಡುವುದಿಲ್ಲ. ಮನೆ, ಓಣಿ, ಮದುವೆಯ ನಗೆ ಮುಂದುವರಿಸಬಹುದು, ರಾಜಕೀಯ ವಿಡಂಬನೆ ನಿಲ್ಲುತ್ತದೆ. ನಿಮ್ಮ ಬರಹದಲ್ಲಿ ಯಾವುದು ಹೆಚ್ಚು ಅಂತ ಹಿಂದಿನ ಎರಡು ವರ್ಷದ ಪೋಸ್ಟ್ ತೆಗೆದು ಎಣಿಸಿ ನೋಡಿ.

ನನ್ನ ಸಲಹೆ: ಪತ್ರಿಕೆಯ ಕೆಲಸ ಬಿಡಬೇಡಿ. ಆರು ತಿಂಗಳು ಜಾಲತಾಣಕ್ಕೆ ಬರೆಯಿರಿ, ಆ ದುಡ್ಡನ್ನು ಮುಟ್ಟದೆ ಕೂಡಿಡಿ. ಉಪಸಂಪಾದಕಿ ಹುದ್ದೆ ಬಂದಾಗ ಕಲಬುರಗಿಯಿಂದಲೇ ಕೆಲಸ ಮಾಡಲು ಬಿಡುತ್ತಾರಾ ಕೇಳಿ. ಬೆಂಗಳೂರಿಗೇ ಬರಬೇಕು ಅಂದರೆ ಪಿ.ಜಿ. ಬಾಡಿಗೆ, ಊಟ, ಓಡಾಟ ಕಳೆದು ಈಗಿನ 14,000ಕ್ಕಿಂತ ಹೆಚ್ಚು ಉಳಿಯುವಂತಿದ್ದರೆ ಮಾತ್ರ ಹೋಗಿ. ಸದ್ಯಕ್ಕೆ ಅವರಿಗೆ ಹೀಗೆ ಉತ್ತರ ಬರೆಯಬಹುದು:

“ನಮಸ್ಕಾರ. ತಿಂಗಳಿಗೆ 800 ಪದದ 4 ಮತ್ತು 150 ಪದದ 4 ನಗೆಬರಹ ಕೊಡಬಲ್ಲೆ. ಉದ್ದದ್ದಕ್ಕೆ 1,000, ಚಿಕ್ಕದ್ದಕ್ಕೆ 300 ರೂಪಾಯಿ. ನಿರೂಪಣೆ ಎಲ್ಲರಿಗೂ ತಿಳಿಯುವಂತಿರುತ್ತದೆ, ಪಾತ್ರಗಳ ಮಾತು ಕಲಬುರಗಿ ಕನ್ನಡದಲ್ಲೇ ಇರುತ್ತದೆ. ಮೊದಲ ಪ್ರಕಟಣೆಯ ಹಕ್ಕು ಮತ್ತು 90 ದಿನ ಬೇರೆಡೆ ಪ್ರಕಟಿಸದ ಭರವಸೆ ನಿಮ್ಮದು. ನಿಮ್ಮ ತಾಣದಲ್ಲಿ ಅದು ಆಮೇಲೂ ಇರಲಿ, ಉಳಿದ ಹಕ್ಕು ನನ್ನದು. ಬರಹದ ಮೇಲೆ ನನ್ನ ಹೆಸರಿರಬೇಕು. ತಿದ್ದಿದ ಪ್ರತಿಯನ್ನು ಪ್ರಕಟಣೆಗೆ ಮೊದಲು ತೋರಿಸಬೇಕು. ತಿಂಗಳ ಬಿಲ್ಲಿಗೆ 30 ದಿನದೊಳಗೆ ಹಣ. ಒಪ್ಪಿಗೆಯಾದರೆ ಇಮೇಲ್‌ನಲ್ಲಿ ತಿಳಿಸಿ, ಸಹಿ ಮಾಡಿದ ಒಪ್ಪಂದ ಬಂದ ವಾರದಲ್ಲಿ ಮೊದಲ ಎರಡು ಬರಹ ಕಳಿಸುತ್ತೇನೆ.”